ನಮ್ಮವರ ರಾಕೆಟ್ಟು ಗುರಿ ತಪ್ಪುತ್ತದೆ

ನಮ್ಮವರ ಹೆಸರು ಮುಜೀಬ್. ಶಿರಾದಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿನ ಮೋಟರ್ ಸುಟ್ಟುಹೋದರೆ ಬಿಚ್ಚಿ, ಕರಕಲಾದ ತಂತಿ ತೆಗೆದು, ಹೊಸ ತಾಮ್ರದ ತಂತಿ ಸುತ್ತಿ ಕೊಡುವ ಕೆಲಸ. ನಲವತ್ತಾರು ವರ್ಷಕ್ಕೆ ಹೋದರು. ತೋವಿನಕೆರೆಗೆ ಮೋಟರ್ ಕೊಡಲು ಹೋಗಿದ್ದರು. ಇಳಿಸಿದರು. ಕುಡಿಯಲು ನೀರು ಕೇಳಿದರು. ನೀರು ಬರುವಷ್ಟರಲ್ಲಿ ಅವರು ಇರಲಿಲ್ಲ.

ಅವರು ಇನ್ನೊಂದು ಕೆಲಸ ಮಾಡಿದ್ದರು. ಊರಿನಲ್ಲಿ ಯಾರಿಗೂ ಅದು ಸರಿಯಾಗಿ ಗೊತ್ತಿಲ್ಲ. ಕಂಪ್ಯೂಟರಿನಲ್ಲಿ ಆಡುವ ಯುದ್ಧ ವಿಮಾನದ ಆಟಕ್ಕೆ ಒಂದು ರಾಕೆಟ್ಟು ಮಾಡಿದ್ದರು. ನೆಲದಿಂದ ಎದ್ದು ಆಕಾಶದ ವಿಮಾನವನ್ನು ಹೊಡೆಯುವ ರಾಕೆಟ್ಟು. ಪೇಪರಿನಲ್ಲಿ ಕ್ಷಿಪಣಿ ಎಂದು ಬರೆಯುತ್ತಾರೆ. ನಮ್ಮ ಮನೆಯಲ್ಲಿ ಅದು ರಾಕೆಟ್ಟೇ.

ಆ ರಾಕೆಟ್ಟಿಗಾಗಿ ನಾನು ಜಗಳ ಆಡಿದೆ. ಇದ್ದತ್‌ನಲ್ಲಿ ಕೂತೇ ಆಡಿದೆ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಹೊರಗೆ ಹೋಗುವಂತಿಲ್ಲ, ಅದು ಇದ್ದತ್. ನಾನು ಹೋಗಲಿಲ್ಲ. ಆದರೂ ಆಡಿಕೊಂಡವರು ಇದ್ದಾರೆ. ಆಡಿಕೊಳ್ಳಲಿ.

ಒಂಬತ್ತು ವರ್ಷದ ಹಿಂದೆ ಪಾವಗಡದ ಕಡೆಯಿಂದ ನವೀನ್ ಕುಮಾರ್ ಅಂಗಡಿಗೆ ಬಂದ. ರಾಯಚರ್ಲು ಹತ್ತಿರ ಸೋಲಾರಿನಲ್ಲಿ ಅವನಿಗೆ ಕೆಲಸ. ಪ್ಯಾನೆಲ್ ತೊಳೆಯುವ ಪಂಪಿನ ಮೋಟರ್ ಸುಟ್ಟಿತ್ತು. ಸುತ್ತಿದ ತಂತಿಗೆ ಹಚ್ಚಿದ ವಾರ್ನಿಷ್ ಒಣಗುವ ತನಕ ಕಾಯಬೇಕಲ್ಲ, ಲ್ಯಾಪ್‌ಟಾಪ್ ತೆಗೆದು ಆಟಕ್ಕೆ ಕೂತ. ನಮ್ಮ ಅಂಗಡಿಗೂ ಮನೆಗೂ ನಡುವೆ ಒಂದು ಪರದೆ ಅಷ್ಟೆ. ನಾನು ಅವರೆಕಾಯಿ ಸುಲಿಯುತ್ತಾ ಎಲ್ಲಾ ಕೇಳುತ್ತಿದ್ದೆ.

ಇವರು ಒಂದು ಸಲ ವಿಮಾನ ಓಡಿಸಿದರು. ನೆಲದಿಂದ ರಾಕೆಟ್ಟು ಬಂದು ಹೊಡೆಯಿತು. ಸತ್ತರು.

"ನಾನು ಗುಡ್ಡದ ಹಿಂದೆ ಇದ್ದೆ. ಅದಕ್ಕೆ ಹೆಂಗೆ ಗೊತ್ತಾಯ್ತು?" ಎಂದರು.

"ಆಟ ಅಲ್ವಾ ಬಾಯ್," ನವೀನ ನಕ್ಕ. "ವಿಮಾನ ಎಲ್ಲೈತೆ ಅಂತ ಕಂಪ್ಯೂಟರಿಗೆ ಗೊತ್ತಿರ್ತೈತೆ. ಅದೇ ರಾಕೆಟ್ಟಿಗೆ ಹೇಳ್ತೈತೆ."

"ಎಲ್ಲಾ ಗೊತ್ತಿರೋದು ಅಲ್ಲಾಹ್ ಒಬ್ಬನಿಗೆ. ಇದು ರಾಕೆಟ್ಟು ಕಣಯ್ಯ."

"ಅಂಗಾದ್ರೆ ಏನೂ ಗೊತ್ತಿಲ್ದಿರೋ ರಾಕೆಟ್ಟು ನೀವೇ ಒಂದು ಮಾಡ್ಬುಡಿ."

ಅವನು ತಮಾಷೆಗೆ ಹೇಳಿದ. ಇವರು ತಮಾಷೆಗೆ ತೆಗೆದುಕೊಳ್ಳಲಿಲ್ಲ.

ಹಳೇ ಕಂಪ್ಯೂಟರ್ ಒಂದನ್ನು ತಂದರು. ಐಟಿಐ ಓದಿದ್ದರು, ಅಷ್ಟೆ. ಆಟದ ಒಳಗೆ ರಾಕೆಟ್ಟು ಎಂದರೆ ಒಂದು ಬರಹ. ಎಷ್ಟು ತೂಕ, ಬೆಂಕಿ ಎಷ್ಟು ಹೊತ್ತು ಉರಿಯಬೇಕು, ಎಷ್ಟು ಜೋರಾಗಿ ತಿರುಗಬಹುದು, ಗುರಿಯನ್ನು ಹೇಗೆ ಹುಡುಕಬೇಕು, ಎಲ್ಲಾ ಸಾಲು ಸಾಲಾಗಿ ಬರೆದಿರುತ್ತದೆ. ಅದನ್ನು ಬರೆಯುವುದು ಕಲಿಯಲು ಅವರಿಗೆ ಮೂರು ವರ್ಷ ಹಿಡಿಯಿತು.

ರಾಕೆಟ್ಟಿನಲ್ಲಿ ಬಗೆ ಇವೆ. ಕೆಲವಕ್ಕೆ ಮೂತಿಯಲ್ಲೇ ಕಣ್ಣು, ವಿಮಾನದ ಬಿಸಿ ನೋಡಿಕೊಂಡು ಹೋಗುತ್ತವೆ. ಇವರು ಹಿಡಿದದ್ದು ಹಳೇ ಬಗೆ. ಅದಕ್ಕೆ ಕಣ್ಣಿಲ್ಲ. ನೆಲದ ಮೇಲೆ ಒಬ್ಬ ದುರ್ಬೀನು ಹಿಡಿದು ಕೂತಿರುತ್ತಾನೆ. ವಿಮಾನವೂ ಅವನಿಗೆ ಕಾಣುತ್ತದೆ, ರಾಕೆಟ್ಟೂ ಕಾಣುತ್ತದೆ. ಎಡಕ್ಕೆ, ಬಲಕ್ಕೆ ಎಂದು ರೇಡಿಯೋದಲ್ಲಿ ಕಳಿಸುತ್ತಾನೆ. ರಾಕೆಟ್ಟು ತಿರುಗುತ್ತದೆ.

ಆಟದಲ್ಲಿ ಆ ಮನುಷ್ಯನ ಕೆಲಸವನ್ನು ಕಂಪ್ಯೂಟರೇ ಮಾಡಬೇಕು. ಅದನ್ನು ಹೇಗೆ ಬರೆಯುವುದು ಎಂದು ತಲೆ ಕೆಡಿಸಿಕೊಂಡಿದ್ದರು. ಉತ್ತರ ಮದಲೂರಿನಲ್ಲಿ ಸಿಕ್ಕಿತು.

ಮೋಟರ್ ಕೊಟ್ಟು ಬರೋಣ ಬಾ ಎಂದು ಬೈಕಿನಲ್ಲಿ ನನ್ನನ್ನೂ ಕೂರಿಸಿಕೊಂಡು ಹೋಗಿದ್ದರು. ಕೆರೆಯಂಗಳದಲ್ಲಿ ಓಬಯ್ಯ ಕುರಿ ಬಿಟ್ಟಿದ್ದ. ನಮ್ಮ ಅಂಗಡಿಗೆ ಬಂದು ಹೋಗುವ ಮನುಷ್ಯ. ಬಂಡೆ ಮೇಲೆ ನಿಂತಿದ್ದ. ಒಂದು ಟಗರು ಮಂದೆ ಬಿಟ್ಟು ಓಡಿತು. ನಾಯಿ ಜಾಲಿ ಪೊದೆಯೊಳಗೆ ನುಗ್ಗಿತು. ಪೊದೆಯೊಳಗಿಂದ ನಾಯಿಗೆ ಟಗರು ಕಾಣುವುದಿಲ್ಲ. ಓಬಯ್ಯ ಉದ್ದ ಒಂದು ಶಿಳ್ಳೆ ಹಾಕಿದರೆ ಎಡಕ್ಕೆ, ಗಿಡ್ಡ ಎರಡು ಹಾಕಿದರೆ ಬಲಕ್ಕೆ. ನಾಯಿ ಹಾಗೇ ತಿರುಗುತ್ತಾ ಹೋಯಿತು. ಅಷ್ಟರಲ್ಲಿ ಟಗರು ಮಣ್ಣುದಿಬ್ಬದ ಹಿಂದೆ ಹೋಯಿತು. ಓಬಯ್ಯ ಬಾಯಿ ಮುಚ್ಚಿದ. ನಾಯಿ ನೆಟ್ಟಗೆ ಓಡಿ ದಿಬ್ಬ ದಾಟಿ ಎಲ್ಲೋ ಹೋಯಿತು.

"ಯಾಕೆ ಓಬಯ್ಯ, ಶಿಳ್ಳೆ ನಿಲ್ಲಿಸಿಬಿಟ್ಟೆ?" ಇವರು ಕೇಳಿದರು.

"ನಂಗೇ ಕಾಣ್ದೇ ಇದ್ದಿದ್ದು ನಾಯಿಗೆ ಏನಂತ ಯೋಳ್ಲಿ ಸಾಬ್ರೇ? ಸುಳ್ಳು ಶಿಳ್ಳೆ ಹಾಕುದ್ರೆ ನಾಳೀಕೆ ನನ್ ಮಾತೇ ಕೇಳಾಕಿಲ್ಲ ಅದು."

"ಟಗರು ಹೋಯ್ತಲ್ಲ?"

"ಎಲ್ಲೋಯ್ತದೆ? ಆ ಕಡೆಯಿಂದ ಈಚೆಗೆ ಬಂದೇ ಬತ್ತದೆ. ಕಂಡಾಗ ಹಾಕ್ತೀನಿ."

ಶಿರಾ ಬರುವ ತನಕ ಇವರು ಬೈಕಿನ ಮೇಲೆ ಉದ್ದ ಒಂದು, ಗಿಡ್ಡ ಎರಡು ಶಿಳ್ಳೆ ಹಾಕುತ್ತಲೇ ಬಂದರು. ಮನೆ ಮುಂದೆ ಇಳಿದು, "ಸಿಕ್ತು ಫರೀಹಾ," ಎಂದರು.

ಆಮೇಲೆ ಕೈಯ ತಡ ಎಷ್ಟು ಎಂದು ತಿಳಿಯಬೇಕಾಯಿತು. ವಿಮಾನ ತಿರುಗಿದ್ದನ್ನು ಕಣ್ಣು ನೋಡಿ, ಕೈ ಅದನ್ನು ಒತ್ತುವ ತನಕ ಸ್ವಲ್ಪ ಹೊತ್ತು ಹೋಗುತ್ತದೆ. ಎಷ್ಟು ಹೊತ್ತು? ಪುಸ್ತಕದಲ್ಲಿ ಇರುತ್ತದೆ ನೋಡಿ ಎಂದು ನವೀನ ಹೇಳಿದ. ಇವರು ಒಪ್ಪಲಿಲ್ಲ. ವೈಂಡಿಂಗ್‌ನವರು ಚಾರ್ಟ್ ನಂಬುವುದಿಲ್ಲ. ಸುಟ್ಟ ಕಾಯಿಲನ್ನು, ಅಂದರೆ ತಂತಿಯ ಸುರುಳಿಯನ್ನು ಬಿಚ್ಚಿ, ಎಷ್ಟು ಸುತ್ತು ಇದೆ ಎಂದು ಒಂದೊಂದಾಗಿ ಎಣಿಸಿ, ಬರೆದುಕೊಂಡು, ಆಮೇಲೆ ಹೊಸದು ಸುತ್ತುತ್ತಾರೆ. ಎಣಿಸದೆ ಸುತ್ತಿದ ಮೋಟರ್ ಮತ್ತೆ ಸುಡುತ್ತದೆ.

ಅಂಗಡಿ ಮೇಜಿನ ಮೇಲೆ ಎರಡು ಬಲ್ಬು ಹಾಕಿದರು. ಎರಡು ಸ್ವಿಚ್ಚು. ಎಡಗಡೆ ಬಲ್ಬು ಹತ್ತಿದರೆ ಎಡಗಡೆ ಸ್ವಿಚ್ಚು ಒತ್ತಬೇಕು, ಬಲಗಡೆ ಹತ್ತಿದರೆ ಬಲಗಡೆಯದು. ಎಷ್ಟು ತಡವಾಯಿತು ಎಂದು ಕಂಪ್ಯೂಟರ್ ಹೇಳುತ್ತಿತ್ತು. ಬಂದ ಗಿರಾಕಿಗಳೆಲ್ಲ ಒತ್ತಬೇಕು.

"ಮೋಟ್ರು ಸುಟ್ಟೋಗಿ ತೋಟ ಒಣಗ್ತಾ ಐತೆ, ನೀನು ಲೈಟ್ ಆಟ ಆಡಿಸ್ತೀಯಲ್ಲಪ್ಪ ಸಾಬಿ!" ಎಂದು ಬೈಯುತ್ತಲೇ ಒತ್ತಿದರು. ಮದಲೂರಿನ ಓಬಯ್ಯ ಒತ್ತಿದ. ನಮ್ಮ ಅತ್ತೆ ಅಮೀರ್ ಬಿ ಕನ್ನಡಕ ಹುಡುಕಿ ಹಾಕಿಕೊಂಡು ಬಂದು ಒತ್ತಿದರು. ಎಲ್ಲರದ್ದನ್ನೂ ಹಳೇ ಲಗ್ನಪತ್ರಿಕೆಗಳ ಹಿಂದೆ ಬರೆದಿಟ್ಟರು. ಕೂಡಿಸಿ ಭಾಗಿಸಿದಾಗ ಒಂದು ಸೆಕೆಂಡಿನ ನೂರರಲ್ಲಿ ನಲವತ್ತೊಂದು ಪಾಲು ಬಂತು. ಅದನ್ನು ರಾಕೆಟ್ಟಿನ ಬರಹದಲ್ಲಿ ಹಾಕಿದರು. ನಲವತ್ತೊಂದು ಎಂದರೆ ಶಿರಾ ಜನರ ಕೈ.

ಇನ್ನು ಓಡುವವರು ಬೇಕಿತ್ತು. ರಾಕೆಟ್ಟು ಹೊಡೆಯುವವರು ಅವರು. ವಿಮಾನದಲ್ಲಿ ತಪ್ಪಿಸಿಕೊಂಡು ಓಡುವವರು ಯಾರು? ನಮಗೆ ಮಕ್ಕಳಿಲ್ಲ. ನಾನೇ ಕೂತೆ.

"ನಾನು ಓದಿದ್ದು ಐದನೇ ಕ್ಲಾಸು," ಎಂದೆ.

"ಕೋಳಿ ಎಷ್ಟನೇ ಕ್ಲಾಸು ಓದಿದೆ? ಹಿಡಿಯೋಕೆ ಹೋದರೆ ತಪ್ಪಿಸಿಕೊಳ್ಳಲ್ವಾ?" ಎಂದರು.

ಮೊದಲ ಎರಡು ತಿಂಗಳು ರಾಕೆಟ್ಟು ಬೇಕೇ ಆಗಲಿಲ್ಲ. ನಾನೇ ನೆಲಕ್ಕೆ ಹೊಡೆದುಕೊಂಡು ಸತ್ತೆ. ಆಮೇಲೆ ಕೈ ಕುದುರಿತು. ಅವರು ಆಟದೊಳಗೆ ಮಧುಗಿರಿ ಬೆಟ್ಟ ಮಾಡಿದ್ದರು. ನಿಜವಾದ ಬೆಟ್ಟದ ಎತ್ತರ, ಅಷ್ಟೇ ಅಗಲ, ಹಾಗೇ ಬೋಳು. ಬೆಟ್ಟಕ್ಕೆ ನಾಲ್ಕು ಮೈಲಿ ಈಚೆ ರಾಕೆಟ್ಟು ಇಟ್ಟಿದ್ದರು.

ಓಡಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ರಾಕೆಟ್ಟು ವಿಮಾನಕ್ಕಿಂತ ಜೋರು. ಆದರೆ ಅದರ ಬೆಂಕಿ ಕೆಲವೇ ಸೆಕೆಂಡು ಉರಿಯುತ್ತದೆ. ಆಮೇಲೆ ಎಸೆದ ಕಲ್ಲಿನ ಹಾಗೆ ಬಂದ ಜೋರಿನಲ್ಲೇ ಹೋಗಬೇಕು. ಒಂದೊಂದು ಸಲ ತಿರುಗಿದಾಗಲೂ ಜೋರು ಕಡಿಮೆಯಾಗುತ್ತದೆ. ನಾನು ಎಡಕ್ಕೆ ತಿರುಗಿದರೆ ನೆಲದ ಮೇಲಿನವನ ಕೈ ತಡವಾಗಿ ಎಡಕ್ಕೆ ಬರುತ್ತದೆ. ಅದು ಬರುವಷ್ಟರಲ್ಲಿ ನಾನು ಬಲಕ್ಕೆ. ಹೀಗೆ ನಾಲ್ಕು ಸಲ ಮಾಡಿದರೆ ಸುಸ್ತಾಗಿ ಬೀಳುತ್ತಿತ್ತು. ಕೆಲವು ಸಲ ಬೀಳುತ್ತಿರಲಿಲ್ಲ. ಹತ್ತರಲ್ಲಿ ನಾಲ್ಕೈದು ಸಲ ಸಾಯುತ್ತಿದ್ದೆ. ಹೊಡೆದರೂ "ಶಾಬಾಶ್" ಎನ್ನುತ್ತಿದ್ದರು, ತಪ್ಪಿದರೂ "ಶಾಬಾಶ್" ಎನ್ನುತ್ತಿದ್ದರು. ಯಾರಿಗೆ ಹೇಳುತ್ತಿದ್ದರೋ ಗೊತ್ತಿಲ್ಲ. ಕೇಳಬೇಕಿತ್ತು.

ಕೊನೆಯ ದಿನ ಸಂಜೆಯ ಅಸರ್ ನಮಾಜ್ ಆದ ಮೇಲೆ ಕೂತೆವು. ನಾನು ಬೆಟ್ಟದ ಹಿಂದೆ ಹೋದೆ. ರಾಕೆಟ್ಟು ನೆಟ್ಟಗೆ ಹೋಯಿತು, ಅದು ಸರಿ. ನಾನು ಆ ಕಡೆಯಿಂದ ಹೊರಗೆ ಬಂದೆ. ಎದುರಿಗೇ ಕಾಣುತ್ತಿದ್ದೇನೆ. ರಾಕೆಟ್ಟು ಇನ್ನೂ ನೆಟ್ಟಗೇ ಹೋಗುತ್ತಿದೆ.

"ಇದು ನನ್ನ ತಪ್ಪು," ಎಂದರು. "ಮತ್ತೆ ಕಂಡಾಗ ಓಬಯ್ಯ ಮತ್ತೆ ಶಿಳ್ಳೆ ಹಾಕಬೇಕು. ಅದನ್ನ ಬರೆಯೋದೇ ಮರೆತಿದೀನಿ. ನಾಳೆ ಸರಿ ಮಾಡ್ತೀನಿ."

ನಾಳೆ ತೋವಿನಕೆರೆ.

ನಲವತ್ತನೆಯ ದಿನದ ಫಾತಿಹಾ ಆದ ಮೇಲೆ ನವೀನ್ ಕುಮಾರ್ ಫೋನ್ ಮಾಡಿದ. ಮಣ್ಣಿಗೆ ಬಂದವನು, ಒಳ್ಳೆಯವನೇ. ಆ ಆಟವನ್ನು ಆಡುವ ಇಪ್ಪತ್ತು ಜನರ ಗುಂಪಿಗೆ ಅವನೇ ಮುಂದಾಳು. ಇವರು ತಮ್ಮ ರಾಕೆಟ್ಟನ್ನು ಅವನಿಗೂ ಕಳಿಸಿದ್ದರು. ಅತ್ತೆ ಪಕ್ಕದಲ್ಲಿ ಕೂತರು. ನಾನು ಸ್ಪೀಕರ್ ಹಾಕಿದೆ.

"ಅಕ್ಕಾ, ಬಾಯ್ ಹೆಸರು ಉಳಿಯೋ ಕೆಲ್ಸ ಮಾಡಿದೀವಿ. ರಾಕೆಟ್ಟಿಗೆ ಮುಜೀಬ್ ಅಂತ್ಲೇ ಹೆಸರು ಇಟ್ಟಿದೀವಿ. ಈ ಭಾನುವಾರ ಆದ್ಮೇಲೆ ಆಟ ಆಡೋರಿಗೆಲ್ಲಾ ಕೊಟ್ಟುಬುಡ್ತೀವಿ."

ಅತ್ತೆ ದುಪಟ್ಟಾದಲ್ಲಿ ಕಣ್ಣು ಒರೆಸಿಕೊಂಡರು.

"ಸ್ವಲ್ಪ ರಿಪೇರಿ ಇತ್ತು, ಮಾಡಿದ್ವಿ," ಎಂದ. "ಈಗ ನೂರಕ್ಕೆ ನೂರು ಹೊಡಿತೈತೆ."

"ಏನು ರಿಪೇರಿ?"

"ಗುಡ್ಡದ ಹಿಂದೆ ಹೋದ್ರೆ ವಿಮಾನ ಕಳ್ಕೊಂತಿತ್ತು. ಮತ್ತೆ ಒಂದು ನಲವತ್ತೊಂದು ಅಂತ ನಂಬರ್ ಇತ್ತು, ಯಾಕಿದೆ ಅಂತ ಯಾರಿಗೂ ತಿಳೀಲಿಲ್ಲ. ಕೈ ತಪ್ಪಿ ಬಿದ್ದಿರಬೇಕು. ತೆಗೆದ್ವಿ."

"ವಾಪಸ್ ಹಾಕು."

"ಅಕ್ಕಾ..."

"ಇಲ್ಲಾಂದ್ರೆ ಅವರ ಹೆಸರು ತೆಗಿ."

"ಗುಂಪಿನವರೆಲ್ಲಾ ಒಪ್ಪಿದಾರೆ ಅಕ್ಕಾ. ಗುರಿ ತಪ್ಪೋ ರಾಕೆಟ್ಟಿಗೆ ಬಾಯ್ ಹೆಸರಿಟ್ರೆ ಜನ ನಗ್ತಾರೆ. ನಗಬಾರ್ದು ಅಂತಾನೇ ಮಾಡಿದ್ದು."

"ನಗಲಿ. ಅವರು ಒಂಬತ್ತು ವರ್ಷ ಬೇಡ ಬೇಡ ಅಂದಿದ್ದನ್ನೇ ನೀವು ಮಾಡಿ, ಅದಕ್ಕೆ ಅವರ ಹೆಸರೇ ಇಡ್ತೀರಾ?"

"ಏನು ತಪ್ಪಾಗೈತೆ ಅಂತ ಹೇಳಿ ಮತ್ತೆ."

ಬಾಯಲ್ಲಿ ಹೇಳಲು ನನಗೆ ಬರಲಿಲ್ಲ. ಕಂಪ್ಯೂಟರಿನ ಮಾತು ನನಗೆ ಗೊತ್ತಿಲ್ಲ. ಕೈಗೆ ಗೊತ್ತು. "ಭಾನುವಾರ ನಾನು ಹಾರ್ತೀನಿ, ನೀನು ಹೊಡಿ," ಎಂದೆ. "ಗುಂಪಿನವರೆಲ್ಲಾ ನೋಡಲಿ. ನಿಮ್ಮ ರಾಕೆಟ್ಟು ಸುಳ್ಳು ಅಂತ ತೋರಿಸಿದರೆ ನಮ್ಮವರದ್ದು ಇದ್ದ ಹಾಗೇ ಹೋಗಬೇಕು. ತೋರಿಸೋಕೆ ಆಗದಿದ್ದರೆ ಏನಾದರೂ ಮಾಡಿಕೊಳ್ಳಿ."

"ಸರೇ ಅಕ್ಕಾ," ಎಂದ. ಅವನ ಬಾಯಲ್ಲಿ ತೆಲುಗು ಬಂದರೆ ಅವನಿಗೆ ಹೆದರಿಕೆಯಾಗಿದೆ ಎಂದು ಲೆಕ್ಕ.

ಪಕ್ಕದ ಮನೆಯ ಖಾಲಾಗೆ ಸುದ್ದಿ ಹೋಯಿತು. ಹೇಗೆ ಹೋಯಿತೋ. ಬಂದು ಬಾಗಿಲಲ್ಲೇ ನಿಂತಳು.

"ಗಂಡ ಹೋಗಿ ಎರಡು ತಿಂಗಳಾಗಿಲ್ಲ. ಇದ್ದತ್‌ನಲ್ಲಿ ಕೂತವಳು ವಿಮಾನ ಹಾರಿಸ್ತಾಳಂತೆ?"

ನಾನು ಬಾಯಿ ತೆರೆಯುವ ಮೊದಲು ಅತ್ತೆ ಎದ್ದರು. ಅಮೀರ್ ಬಿಗೆ ಎಪ್ಪತ್ತೆರಡು ವರ್ಷ. ಹೋದದ್ದು ಅವರ ಮಗ.

"ಹೊಸ್ತಿಲು ದಾಟಿದಳಾ?" ಎಂದು ಕೇಳಿದರು.

"ದಾಟಿಲ್ಲ, ಆದರೂ..."

"ಬಳೆ ತೊಟ್ಟಳಾ? ಕಣ್ಣಿಗೆ ಸುರ್ಮಾ ಹಾಕಿದಳಾ? ಮಧುಗಿರಿ ಬೆಟ್ಟದ ತನಕ ಹೋಗಿ ಬರ್ತಾಳೆ, ಕುರ್ಚಿಯಿಂದ ಏಳೋದೇ ಇಲ್ಲ. ನೀನು ಬೆಳಗಿನಿಂದ ಎಷ್ಟು ಮನೆ ಸುತ್ತಿ ಬಂದೆ ಹೇಳು."

ಖಾಲಾ ಹೋದಳು.

ಭಾನುವಾರ ಮಧ್ಯಾಹ್ನದ ಜುಹರ್ ನಮಾಜ್ ಆದ ಮೇಲೆ ಕೂತೆ. ಅವರ ಕುರ್ಚಿಯಲ್ಲಿ ಅತ್ತೆ ಕೂತರು, ತಸ್ಬಿಯ ಮಣಿಸರ ಹಿಡಿದುಕೊಂಡು. ನವೀನ ರಾಯಚರ್ಲಿನಿಂದ. ಉಳಿದವರು ಎಲ್ಲೆಲ್ಲಿಂದಲೋ. ಮಾತು ಎಲ್ಲರಿಗೂ ಕೇಳಿಸುತ್ತದೆ.

ಮೊದಲು ನವೀನನ ಹೊಸ ರಾಕೆಟ್ಟು. ಐದು ಸಲ ಹೊಡೆದ. ಐದು ಸಲ ಸತ್ತೆ. ನಾನು ಎಡಕ್ಕೆ ಎಂದರೆ ಅದೂ ಆಗಲೇ ಎಡಕ್ಕೆ. ಅದಕ್ಕೆ ಕೈಯೇ ಇಲ್ಲ, ಸುಸ್ತೂ ಇಲ್ಲ. ಯಾರೋ ನಕ್ಕರು.

"ಅತ್ತಿಗೆ ಸೋತ್ರು ಕಣ್ರೋ," ಎಂದಿತು ಒಂದು ದನಿ. ಮಧುಗಿರಿಯ ರುದ್ರಮುನಿ. ಅವನೂ ಗುಂಪಿನವನೇ.

"ಇನ್ನೊಂದು ಹೊಡಿ," ಎಂದೆ.

ಆರನೆಯದಕ್ಕೆ ನಾನು ತಿರುಗಾಡಲಿಲ್ಲ. ನೆಟ್ಟಗೆ ಬೆಟ್ಟದ ಹಿಂದೆ ಹೋದೆ. ಹೋಗಿ, ಅಲ್ಲೇ ಎಡಕ್ಕೆ ತಿರುಗಿ ಬಂಡೆಗೆ ಅಂಟಿಕೊಂಡೆ. ಹೊರಗೆ ಬರಲೇ ಇಲ್ಲ. ರಾಕೆಟ್ಟು ಬೆಟ್ಟದ ತಲೆ ದಾಟಿತು. ಎಡಕ್ಕೆ ತಿರುಗಿತು. ಕೆಳಗೆ ಬಂದು ಹೊಡೆಯಿತು.

ನನಗೆ ಬೇಕಾದದ್ದು ಸಿಕ್ಕಿತು.

"ನವೀನಾ, ಈಗ ಆಗಿದ್ದನ್ನ ಹಿಂದಕ್ಕೆ ಹಾಕಿ ತೋರಿಸು," ಎಂದೆ. ಆಟದಲ್ಲಿ ಆಗಿದ್ದೆಲ್ಲ ರೆಕಾರ್ಡ್ ಆಗಿರುತ್ತದೆ. ಹಾಕಿದ.

"ಇಲ್ಲಿ ನಿಲ್ಲಿಸು. ನಾನು ಎಲ್ಲಿದೀನಿ?"

"ಬೆಟ್ಟದ ಹಿಂದೆ."

"ನಿನ್ನ ದುರ್ಬೀನಿನಲ್ಲಿ ಏನು ಕಾಣ್ತಿದೆ?"

"ಬೆಟ್ಟ."

"ನಾನು ಕಾಣ್ತಿದೀನಾ?"

"ಇಲ್ಲ."

"ಮತ್ತೆ ರಾಕೆಟ್ಟಿಗೆ ಎಡಕ್ಕೆ ಹೋಗು ಅಂತ ಶಿಳ್ಳೆ ಹಾಕಿದ್ದು ಯಾರು?"

ಅತ್ತೆಯ ತಸ್ಬಿ ಮಣಿ ಟಕ್ ಟಕ್ ಅನ್ನುತ್ತಿತ್ತು.

"ಥೂ," ಎಂದ ರುದ್ರಮುನಿ. "ಹೊಸಾದು ಕೊಟ್ಟಾಗಿಂದ ನಾನೂ ಅಲ್ಲೇ ಸಾಯ್ತಾ ಇದ್ದೆ ಕಣ್ಲಾ ನವೀನ. ನಂಗೇ ಓಡ್ಸಕ್ಕೆ ಬರಲ್ಲ ಅಂತ ಅಂದ್ಕೊಂಡಿದ್ದೆ. ನೀನು ಕಣ್ಣು ಕಟ್ಕೊಳ್ದೆ ಕಣ್ಣಾಮುಚ್ಚಾಲೆ ಆಡ್ತಿದ್ದೀಯಲ್ಲೋ!"

"ಆಟ ತಾನೇ ಬುಡಣ್ಣ," ಎಂದ ನವೀನ, ಮೆಲ್ಲಗೆ.

"ಆಟ ಅಂತಾನೇ ಹೇಳ್ತಿರೋದು," ನಾನು ಅಂದೆ. "ಬರೀ ಹೊಡಿಯೋದು ಬೇಕಿದ್ದರೆ ನಮ್ಮವರು ಒಂದೇ ದಿನದಲ್ಲಿ ಮಾಡ್ತಿದ್ದರು. ಅದು ನಿನಗೂ ಗೊತ್ತು."

ಆಮೇಲೆ ನಮ್ಮವರ ರಾಕೆಟ್ಟು ಹಾಕಿಸಿದೆ. ಹತ್ತು ಸಲ ಹೊಡೆದ. ನಾಲ್ಕು ಹೊಡೆಯಿತು, ಆರು ತಪ್ಪಿತು. ಎಂಟನೆಯದು ರೆಕ್ಕೆಯ ಪಕ್ಕದಲ್ಲೇ ಹೋಯಿತು. ಬಾಯಿಗೆ ಶಾಬಾಶ್ ಎಂದು ಬಂತು. ನುಂಗಿಕೊಂಡೆ. ಅತ್ತೆ ಹೇಳಿಬಿಟ್ಟರು.

ನವೀನ ಒಂದನ್ನು ಮಾತ್ರ ಬಿಡಲಿಲ್ಲ. "ಬೆಟ್ಟದ್ದು ಒಪ್ಕೊಂತೀನಿ. ಆ ನಲವತ್ತೊಂದು ಏನು ಅಕ್ಕಾ? ಯಾವ ಪುಸ್ತಕದಲ್ಲೂ ಇಲ್ಲ."

ಲಗ್ನಪತ್ರಿಕೆಗಳ ಕಟ್ಟು ಬಿಚ್ಚಿದೆ. ಒಂದೊಂದನ್ನೂ ಕಂಪ್ಯೂಟರಿನ ಕ್ಯಾಮೆರಾಗೆ ಹಿಡಿದೆ, ಕೈ ಮಾತ್ರ ಕಾಣುವ ಹಾಗೆ. ಓಬಯ್ಯ, ಮದಲೂರು, ಮೂವತ್ತಾರು. ಅಮ್ಮಿ, ಎಪ್ಪತ್ತೇಳು.

"ನಾನು ಅಷ್ಟು ನಿಧಾನವಾ?" ಅತ್ತೆ ಸಿಟ್ಟಾದರು.

ಇನ್ನೊಂದು ಹಿಡಿದೆ. "ಇದನ್ನ ನೀನೇ ಓದು," ಎಂದೆ.

"ನವೀನ್ ಕುಮಾರ್, ಪಾವಗಡ. ಮೂವತ್ತೆಂಟು." ಓದಿದ. ಆಮೇಲೆ, "ಅಯ್ಯೋ. ಆ ಬಲ್ಬುಗಳು," ಎಂದ. ಅವನೇ ಒತ್ತಿದ್ದ. ಮರೆತಿದ್ದ. ತನ್ನ ಕೈಯನ್ನೇ ತೆಗೆದು ಹಾಕಿದ್ದ.

ಅವನು ಅತ್ತನೋ ಏನೋ. ನಾನು ಕೇಳಲಿಲ್ಲ. ನನ್ನ ಮಾತು ಇನ್ನೂ ಮುಗಿದಿರಲಿಲ್ಲ.

"ಒಂದು ತಪ್ಪು ಅವರದ್ದೂ ಇದೆ," ಎಂದೆ. "ಬೆಟ್ಟದ ಆಚೆಯಿಂದ ನಾನು ಮತ್ತೆ ಹೊರಗೆ ಬಂದರೆ ಅವರ ರಾಕೆಟ್ಟಿಗೆ ಗೊತ್ತೇ ಆಗಲ್ಲ. ಮತ್ತೆ ಕಂಡಾಗ ಕೈ ಮತ್ತೆ ಹಿಡಿಯಬೇಕು. ನಾಳೆ ಮಾಡ್ತೀನಿ ಅಂದಿದ್ದರು. ಅದನ್ನ ನೀನು ಮಾಡು."

"ಅವರು ಮಾಡಿದ್ದ ಹಾಗೇ ಇರ್ಲಿ ಅಕ್ಕಾ. ಕೊನೇದು ಅದು."

"ಇದ್ದ ಹಾಗೇ ಹೋಗಬೇಕು ಅಂತ ನಾನೇ ಅಂದಿದ್ದೆ. ನನ್ನ ಮಾತು ನಾನೇ ಮುರೀತೀನಿ. ಸುಟ್ಟ ಕಾಯಿಲ್ ಅಂತ ಗೊತ್ತಿದ್ದೂ ಮೋಟರ್ ಮುಚ್ಚಿ ಕೊಟ್ಟವರಲ್ಲ ಅವರು. ಸರಿ ಮಾಡು. ಇಷ್ಟು ಅವರು ಮಾಡಿದ್ದು, ಇಷ್ಟು ನೀನು ಮಾಡಿದ್ದು ಅಂತ ಬರಿ."

ಎರಡು ವಾರ ತೆಗೆದುಕೊಂಡ. ರಾಕೆಟ್ಟಿನ ಜೊತೆ ಏನಾದರೂ ನಾಲ್ಕು ಮಾತು ಬರೆಯಬೇಕಂತೆ, ಆಟ ಆಡುವವರು ಓದಲು. ಏನು ಬರೆಯಲಿ ಎಂದು ಕೇಳಿದ. ಹೇಳಿದೆ, ಹಾಗೇ ಹಾಕಿದ. "ಮಾಡಿದವರು ಮುಜೀಬ್, ಮೋಟರ್ ವೈಂಡಿಂಗ್, ಶಿರಾ. ಇದಕ್ಕೆ ಎಲ್ಲಾ ಗೊತ್ತಿಲ್ಲ. ಇದು ಗುರಿ ತಪ್ಪುತ್ತದೆ."

ಕೆಲವರು ನಕ್ಕರಂತೆ.

ಎಲ್ಲರಿಗೂ ಕೊಡುವ ಮೊದಲು ನನ್ನನ್ನು ಒಂದು ಸಲ ಹಾರಲು ಕರೆದಿದ್ದ. ಬೆಟ್ಟದ ಹಿಂದೆ ಹೋದೆ. ರಾಕೆಟ್ಟು ನೆಟ್ಟಗೆ ಹೋಯಿತು. ಆಚೆಯಿಂದ ಹೊರಗೆ ಬಂದೆ. ಒಂದು ಕ್ಷಣ ಏನೂ ಆಗಲಿಲ್ಲ. ಒಂದು ಕೈ ಅಷ್ಟು ತಡ. ಆಮೇಲೆ ಅದರ ಮೂತಿ ನನ್ನ ಕಡೆ ತಿರುಗಿತು. ನಾನು ಬಲಕ್ಕೆ ಎಳೆದೆ. ತಡವಾಗಿತ್ತು. ಹೊಡೆಯಿತು.

"ಸರಿಯಾಯ್ತಾ ಅಕ್ಕಾ?" ನವೀನ ಕೇಳಿದ.

"ಸರಿಯಾಯ್ತು," ಎಂದೆ. "ಇನ್ನೊಂದು ಹೊಡಿ. ಈ ಸಲ ತಪ್ಪಿಸ್ತೀನಿ."